ಮೊಮ್ಮಕ್ಕಳ ಲಾಲನೆ ಮತ್ತು ಹಿರಿಯರ ಆತ್ಮಹಿತ

ಉತ್ಸವದ ಈ ಮಂಗಳ ಸಂದರ್ಭದಲ್ಲಿ ಶ್ರಾವಕ-ಶ್ರಾವಿಕೆಯರ ಮನೆಮನೆಗೂ ಸಂಬಂಧಿಸಿದ ಒಂದು ವಿಷಯವನ್ನು ಚಿಂತನೆಗೆ ತರಲಾಗಿದೆ.

ಪಂಚಕಲ್ಯಾಣ ಮಹೋತ್ಸವದಲ್ಲಿ ಜನ್ಮಕಲ್ಯಾಣದ ದಿನ ಬಾಲಜಿನನನ್ನು ತೊಟ್ಟಿಲಲ್ಲಿಟ್ಟು ತೂಗುವ ಘಳಿಗೆ ಬಂದಾಗ, ಹಗ್ಗವನ್ನು ಹಿಡಿಯಲು ಮೊದಲು ಮುಂದೆ ಬರುವವರು ವಯಸ್ಸಾದ ತಾಯಂದಿರು. ಮೊಣಕಾಲಿನ ನೋವನ್ನೂ ಮರೆತು ಸಾಲಿನಲ್ಲಿ ನಿಲ್ಲುವ ಅವರ ಮುಖದಲ್ಲಿ ಆ ಕ್ಷಣ ಒಂದು ಕಾಂತಿ ಕಾಣುತ್ತದೆ. ಪಕ್ಕದಲ್ಲಿ ಸೆರಗು ಹಿಡಿದು ನಿಂತ ಮೊಮ್ಮಗಳು ಮರಾಠಿಯಲ್ಲಿ ಏನನ್ನೋ ಕೇಳುತ್ತಾಳೆ. ಅಜ್ಜಿ ಕನ್ನಡದಲ್ಲಿ ಉತ್ತರ ಕೊಡುತ್ತಾಳೆ. ಇಬ್ಬರಿಗೂ ಅರ್ಥವಾಗುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಬಸದಿಗಳಲ್ಲಿ ಇದು ಹೊಸ ದೃಶ್ಯವಲ್ಲ.

ಉತ್ಸವ ಮುಗಿಯುತ್ತದೆ. ಮಗ-ಸೊಸೆ ಪುಣೆಗೋ ಮುಂಬಯಿಗೋ ಬೆಂಗಳೂರಿಗೋ ಹೊರಡುತ್ತಾರೆ. ಅನೇಕ ಮನೆಗಳಲ್ಲಿ ಅವರೊಡನೆ ಅಜ್ಜ-ಅಜ್ಜಿಯರೂ ಹೊರಡುತ್ತಾರೆ, ಮಗುವನ್ನು ನೋಡಿಕೊಳ್ಳುವುದಕ್ಕಾಗಿ. ಅಂತಹ ಹಿರಿಯರ ಮನಸ್ಸಿನಲ್ಲಿ ಒಂದು ಪ್ರಶ್ನೆ ಮೌನವಾಗಿ ಉಳಿದಿರುತ್ತದೆ. ಸಂಸಾರದ ಹೊರೆ ಇಳಿಸಿ ಸ್ವಾಧ್ಯಾಯ, ಸಾಮಾಯಿಕಗಳಲ್ಲಿ ಕಳೆಯಬೇಕಾದ ವಯಸ್ಸಿನಲ್ಲಿ ಮತ್ತೊಮ್ಮೆ ತೊಟ್ಟಿಲು ತೂಗುವುದು ಆತ್ಮಹಿತಕ್ಕೆ ಸಾಧಕವೋ, ಬಾಧಕವೋ? ಮೊಮ್ಮಕ್ಕಳ ಲಾಲನೆಯಿಂದ ಹಿರಿಯರ ದೇಹಕ್ಕೂ ಮನಸ್ಸಿಗೂ ಒಳಿತಾಗುವುದೋ, ಕೆಡುಕಾಗುವುದೋ?

ಜೀವಿಗಳು ಒಂದಕ್ಕೊಂದು ಉಪಕಾರಿಗಳಾಗಿವೆ ಎಂಬುದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ತಿಳಿಸಿದ ತತ್ತ್ವ. ಉಪಕಾರವೆಂಬುದು ಒಬ್ಬ ಕೊಡುವವನು, ಇನ್ನೊಬ್ಬ ಪಡೆಯುವವನು ಎಂಬ ಏಕಮುಖ ವ್ಯವಹಾರವಲ್ಲ. ಅಜ್ಜಿ ಮಗುವಿಗೆ ಉಣಿಸುವಾಗ ಮಗುವಿನ ಹಸಿವು ಹಿಂಗುತ್ತದೆ. ಅಜ್ಜಿಯ ಒಂಟಿತನವೂ ಹಿಂಗುತ್ತದೆ. ಅಜ್ಜ ಮೊಮ್ಮಗನ ಕೈ ಹಿಡಿದು ಬಸದಿಗೆ ನಡೆಸುವಾಗ ಮಗು ದಾರಿ ಕಲಿಯುತ್ತದೆ. ಅಜ್ಜನ ಕಾಲುಗಳೂ ಚಲನೆ ಮರೆಯುವುದಿಲ್ಲ. ಇಪ್ಪತ್ತನಾಲ್ಕು ತೀರ್ಥಂಕರರ ಹೆಸರನ್ನೂ ಲಾಂಛನವನ್ನೂ ಮಗುವಿಗೆ ಹೇಳಿಕೊಡುವ ಹಿರಿಯರಿಗೆ ತಾವು ಬಾಲ್ಯದಲ್ಲಿ ಕಲಿತು ಮರೆತದ್ದು ಮತ್ತೆ ನೆನಪಿಗೆ ಬರುತ್ತದೆ.

ಇಂದಿನ ವಿಜ್ಞಾನಿಗಳೂ ಈ ಪರಸ್ಪರ ಉಪಕಾರವನ್ನು ತಮ್ಮ ರೀತಿಯಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಜರ್ಮನಿಯ ಬರ್ಲಿನ್ ನಗರದಲ್ಲಿ ಎಪ್ಪತ್ತು ವರ್ಷ ದಾಟಿದ ಐನೂರಕ್ಕೂ ಹೆಚ್ಚು ಹಿರಿಯರನ್ನು ಕುರಿತು 1990ರಿಂದ 2009ರವರೆಗೆ ಸಂಗ್ರಹಿಸಿದ ಮಾಹಿತಿಯನ್ನು ಆಧರಿಸಿ 2017ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಆಗಾಗ ಮೊಮ್ಮಕ್ಕಳ ಆರೈಕೆಯಲ್ಲಿ ಕೈಜೋಡಿಸುತ್ತಿದ್ದವರಲ್ಲಿ ಅರ್ಧದಷ್ಟು ಜನರು ಮೊದಲ ಸಂದರ್ಶನವಾಗಿ ಹತ್ತು ವರ್ಷಗಳು ಕಳೆದರೂ ಬದುಕಿದ್ದರು. ಯಾರಿಗೂ ನೆರವಾಗದೆ ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನರು ಐದು ವರ್ಷಗಳ ಒಳಗೇ ತೀರಿಕೊಂಡಿದ್ದರು. ಮೊದಲೇ ಆರೋಗ್ಯವಂತರಾಗಿರುವ ಹಿರಿಯರೇ ಮಕ್ಕಳನ್ನು ನೋಡಿಕೊಳ್ಳಲು ಮುಂದಾಗುತ್ತಾರೆ ಎಂಬ ಮಾತನ್ನು ಇಲ್ಲಿ ಮರೆಯಬಾರದು. ಆದುದರಿಂದ ಮೊಮ್ಮಕ್ಕಳನ್ನು ಸಾಕಿದರೆ ಆಯುಷ್ಯ ಹೆಚ್ಚುತ್ತದೆ ಎಂದು ಇದರಿಂದ ಸಾಧಿಸಲಾಗದು. ಆಯುಃಕರ್ಮದ ಸ್ಥಿತಿಯನ್ನು ತಿಳಿದ ಜೈನರು ಹಾಗೆ ಅವಸರದಿಂದ ಹೇಳುವುದೂ ಇಲ್ಲ. ಆದರೂ ಪರರಿಗೆ ಉಪಯೋಗವಾಗಿ ಬಾಳುವುದಕ್ಕೂ ಸ್ವಸ್ಥವಾಗಿ ಬಾಳುವುದಕ್ಕೂ ನಂಟಿದೆ ಎಂಬುದಕ್ಕೆ ಇದು ಒಂದು ಸೂಚನೆ.

ಇನ್ನೊಂದು ಅಧ್ಯಯನ ಆಸ್ಟ್ರೇಲಿಯದ್ದು, 2014ರಲ್ಲಿ ಪ್ರಕಟವಾದದ್ದು. 57ರಿಂದ 68 ವರ್ಷ ವಯಸ್ಸಿನ 186 ಮಹಿಳೆಯರ ನೆನಪಿನ ಶಕ್ತಿ ಮತ್ತು ಬುದ್ಧಿಯ ಚುರುಕನ್ನು ಅಲ್ಲಿ ಪರೀಕ್ಷಿಸಲಾಯಿತು. ವಾರಕ್ಕೆ ಒಂದು ದಿನ ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಅಜ್ಜಿಯಂದಿರು ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದಿದ್ದರು. ವಾರಕ್ಕೆ ಐದು ದಿನ ಅಥವಾ ಅದಕ್ಕಿಂತ ಹೆಚ್ಚು ನೋಡಿಕೊಳ್ಳುತ್ತಿದ್ದವರು ಮಾತ್ರ ಚುರುಕನ್ನು ಅಳೆಯುವ ಒಂದು ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದರು. ಮೊಮ್ಮಕ್ಕಳೊಡನೆ ಹೆಚ್ಚು ಕಾಲ ಕಳೆದವರಲ್ಲಿ, ಮಕ್ಕಳು ತಮ್ಮಿಂದ ಅತಿಯಾಗಿ ನಿರೀಕ್ಷಿಸುತ್ತಾರೆ ಎಂಬ ಭಾವನೆಯೂ ಹೆಚ್ಚಾಗಿತ್ತು.

ಒಂದೇ ಕಾರ್ಯ ಒಂದು ಪ್ರಮಾಣದಲ್ಲಿ ಔಷಧವಾಗಿ, ಇನ್ನೊಂದು ಪ್ರಮಾಣದಲ್ಲಿ ಹೊರೆಯಾಗುವುದನ್ನು ಇಲ್ಲಿ ಕಾಣಬಹುದು. ಶ್ರಾವಕರಿಗೆ ಈ ಮಾತು ಹೊಸದಲ್ಲ. ಪರಿಮಾಣವೆಂಬ ಶಬ್ದ ಶ್ರಾವಕಾಚಾರದ ಜೀವಾಳ. ಗೃಹಸ್ಥನಿಗೆ ಸಂಪತ್ತು ಬೇಡವೆಂದು ಶಾಸ್ತ್ರ ಹೇಳಲಿಲ್ಲ. ಅದಕ್ಕೆ ಪರಿಮಾಣವಿರಲಿ ಎಂದಿತು. ಸಂಚಾರಕ್ಕೆ ದಿಗ್ವ್ರತ, ಭೋಗಕ್ಕೆ ಭೋಗೋಪಭೋಗ ಪರಿಮಾಣ. ಹೀಗಿರುವಾಗ ಇಳಿವಯಸ್ಸಿನ ಶಕ್ತಿಗೂ, ಆ ಶಕ್ತಿಯನ್ನು ಮಕ್ಕಳು ಬಳಸಿಕೊಳ್ಳುವ ರೀತಿಗೂ ಪರಿಮಾಣ ಬೇಡವೆ?

ಒಂದು ಮನೆಯನ್ನು ದೃಷ್ಟಾಂತವಾಗಿ ಕಲ್ಪಿಸಿಕೊಳ್ಳಬಹುದು. ಜತ್ತ ತಾಲೂಕಿನ ಹಳ್ಳಿಯೊಂದರ ಅಜ್ಜಿ ಪುಣೆಯಲ್ಲಿ ಮಗನ ಮನೆಗೆ ಬಂದಿದ್ದಾಳೆ. ಮನೆ ಹತ್ತನೆಯ ಮಹಡಿಯಲ್ಲಿದೆ. ಬೆಳಿಗ್ಗೆ ಎಂಟಕ್ಕೆ ಮಗ-ಸೊಸೆ ಇಬ್ಬರೂ ಕೆಲಸಕ್ಕೆ ಹೊರಡುತ್ತಾರೆ. ಎರಡು ವರ್ಷದ ಮಗುವಿನ ಹಿಂದೆ ಓಡುವುದು, ಉಣಿಸುವುದು, ಮಲಗಿಸುವುದು ಆಕೆಯ ದಿನಚರಿ. ಊರಿನಲ್ಲಿದ್ದಾಗ ಜಿನದರ್ಶನವಿಲ್ಲದೆ ಬಾಯಿಗೆ ನೀರು ಹಾಕದವಳು ಈಗ ಗೋಡೆಯ ಮೇಲಿನ ಚಿತ್ರಕ್ಕೆ ಕೈಮುಗಿಯುತ್ತಾಳೆ. ಸೂರ್ಯಾಸ್ತಕ್ಕೆ ಮೊದಲು ಆಕೆಯ ಊಟ ಮುಗಿದರೂ, ರಾತ್ರಿ ಒಂಬತ್ತಕ್ಕೆ ಬರುವವರಿಗಾಗಿ ಮತ್ತೆ ಒಲೆ ಹೊತ್ತಿಸುತ್ತಾಳೆ. ಅಷ್ಟಮಿ ಬಂದದ್ದೂ ಚತುರ್ದಶಿ ಕಳೆದದ್ದೂ ಗೊತ್ತಾಗುವುದಿಲ್ಲ. ರಕ್ತದೊತ್ತಡದ ಮಾತ್ರೆ ತೀರಿ ನಾಲ್ಕು ದಿನವಾದರೂ ಹೇಳುವುದಿಲ್ಲ. ದಣಿದು ಬಂದ ಮಗನಿಗೆ ಇನ್ನೊಂದು ಕೆಲಸ ಹೇಳುವುದು ಹೇಗೆಂಬ ಸಂಕೋಚ. ಊರಿನಲ್ಲಿ ಅಜ್ಜ ಒಬ್ಬನೇ ಹೊಲ ನೋಡಿಕೊಂಡು, ಒಮ್ಮೆ ಮಾಡಿದ ಅಡುಗೆಯನ್ನು ಎರಡು ಹೊತ್ತು ಉಣ್ಣುತ್ತಾನೆ.

ಈ ಮನೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಮಗನಿಗೆ ತಾಯಿಯ ಮೇಲೆ ಪ್ರೀತಿಯಿದೆ. ಎರಡು ದುಡಿಮೆಯಿಲ್ಲದೆ ನಡೆಯದ ಮನೆಯನ್ನು ನಿಭಾಯಿಸುತ್ತಿರುವ ಸೊಸೆಯ ಆಯಾಸವೂ ಸಣ್ಣದಲ್ಲ. ಹಾಗಿದ್ದರೂ ಒಬ್ಬ ಶ್ರಾವಿಕೆಯ ಧರ್ಮಸಾಧನೆ ದಿನದಿನಕ್ಕೆ ಕ್ಷೀಣಿಸುತ್ತಿದೆ. ಆಕೆಯನ್ನು ಯಾರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಹಿಂಸೆಯೆಂದರೆ ಹೊಡೆಯುವುದು ಮಾತ್ರವಲ್ಲ. ಪ್ರಮಾದದಿಂದ ಇನ್ನೊಂದು ಜೀವದ ಪ್ರಾಣಗಳಿಗೆ ನೋವುಂಟುಮಾಡುವುದು ಹಿಂಸೆಯೆಂದು ಆಚಾರ್ಯರು ತಿಳಿಸಿದ್ದಾರೆ. ಹಿರಿಯರ ಮೌನವನ್ನು ಒಪ್ಪಿಗೆಯೆಂದು ಭಾವಿಸುವುದೂ ಒಂದು ಪ್ರಮಾದವೇ.

ಹೊರಗಿನ ಈ ಹೊರೆಗಿಂತ ಸೂಕ್ಷ್ಮವಾದ ಹೊರೆ ಇನ್ನೊಂದಿದೆ. ಅದು ಹಿರಿಯರ ಒಳಗೇ ಹುಟ್ಟುವ ಮೋಹ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನದ ಎಂಟು ಅಂಗಗಳನ್ನು ವಿವರಿಸುವಾಗ ವಾತ್ಸಲ್ಯವನ್ನು ಒಂದು ಅಂಗವನ್ನಾಗಿ ಹೇಳಿದ್ದಾರೆ. ಹಸುವಿಗೆ ಕರುವಿನ ಮೇಲಿರುವಂತಹ ನಿಷ್ಕಪಟ ಪ್ರೀತಿಯನ್ನು ಸಾಧರ್ಮಿಗಳಲ್ಲಿ ಇಡುವುದೇ ವಾತ್ಸಲ್ಯವೆಂದು ಪರಂಪರೆ ವಿವರಿಸುತ್ತದೆ. ಇಲ್ಲಿ ಸಾಧರ್ಮಿ ಎಂಬ ಪದವನ್ನು ಗಮನಿಸಬೇಕು. ಮೊಮ್ಮಗು ನನ್ನದು, ನನ್ನ ವಂಶದ ಕುಡಿ, ನನ್ನ ಮಾತಿನಂತೆ ಬೆಳೆಯಬೇಕು ಎಂದುಕೊಂಡರೆ ಅದು ಮೋಹ. ಈ ಮಗುವೂ ಅನಾದಿಕಾಲದಿಂದ ಪಯಣಿಸುತ್ತ ಬಂದು ದುರ್ಲಭವಾದ ಮನುಷ್ಯಜನ್ಮವನ್ನೂ ಜಿನಧರ್ಮದ ನೆರಳನ್ನೂ ಪಡೆದ ಒಂದು ಜೀವ, ನನ್ನ ಸಹಯಾತ್ರಿ ಎಂದುಕೊಂಡರೆ ಅದು ವಾತ್ಸಲ್ಯ. ಕೈಗಳು ಮಾಡುವ ಕೆಲಸ ಒಂದೇ: ಅದೇ ಸ್ನಾನ, ಅದೇ ತುತ್ತು, ಅದೇ ಜೋಗುಳ. ಒಳಗಿನ ಭಾವ ಬೇರೆಯಾದಾಗ ಬಂಧದ ಸ್ವರೂಪವೂ ಬೇರೆಯಾಗುತ್ತದೆ.

ಮೋಹದ ಲಕ್ಷಣಗಳನ್ನು ಮನೆಯಲ್ಲಿಯೇ ಗುರುತಿಸಬಹುದು. ಮಗುವಿನ ಮುಂದೆ ಸೊಸೆಯ ತಪ್ಪನ್ನು ಆಡುವುದು. ತಾಯಿ ಬೇಡವೆಂದ ತಿಂಡಿಯನ್ನು ಮರೆಯಲ್ಲಿ ಕೊಟ್ಟು ಮಗುವಿನ ಮೆಚ್ಚುಗೆ ಗಳಿಸುವುದು. ಒಬ್ಬ ಮೊಮ್ಮಗನನ್ನು ಇನ್ನೊಬ್ಬನೊಡನೆ ಹೋಲಿಸುವುದು. ಹುಡುಗನಿಗೊಂದು, ಹುಡುಗಿಗೊಂದು ನ್ಯಾಯ ಮಾಡುವುದು. ಮಗು ತನ್ನನ್ನು ಬಿಟ್ಟು ಇತರರಲ್ಲಿಗೆ ಹೋದರೆ ಮುನಿಸಿಕೊಳ್ಳುವುದು. ಇವೆಲ್ಲ ಪ್ರೀತಿಯ ವೇಷದಲ್ಲಿ ಬರುವ ಕಷಾಯಗಳು. ಮನೆಯ ಶಾಂತಿಯನ್ನು ಕೆಡಿಸುವ ಮೊದಲೇ ಅವು ಹಿರಿಯರ ನಿದ್ರೆಯನ್ನು ಕೆಡಿಸುತ್ತವೆ.

ಈ ವಿವೇಕಕ್ಕೆ ಆದಿಪುರಾಣದಲ್ಲಿ ಎರಡು ದೀಪಗಳು ದೊರೆಯುತ್ತವೆ. ಮೊದಲನೆಯದು ಹದಿನಾಲ್ಕನೆಯ ಕುಲಕರನಾದ ನಾಭಿರಾಜನದು. ಆದಿನಾಥ ತೀರ್ಥಂಕರರ ತಂದೆ, ಭರತ-ಬಾಹುಬಲಿಯರ ಅಜ್ಜ. ಭೋಗಭೂಮಿಯ ಕಾಲ ಮುಗಿದು, ಹುಟ್ಟುವ ಶಿಶುಗಳಿಗೆ ಹೊಕ್ಕುಳಬಳ್ಳಿ ಕಾಣಿಸಿಕೊಂಡಾಗ ಜನರು ದಿಗಿಲುಗೊಂಡರು. ಆ ನಾಳವನ್ನು ಕತ್ತರಿಸುವ ಕ್ರಮವನ್ನು ಅವರಿಗೆ ಕಲಿಸಿದುದರಿಂದಲೇ ಆತನಿಗೆ ನಾಭಿ ಎಂಬ ಹೆಸರು ಬಂದಿತೆಂದು ಪುರಾಣ ಹೇಳುತ್ತದೆ. ನಾಳವು ತಾಯಿಯ ಗರ್ಭದಲ್ಲಿ ಮಗುವನ್ನು ಪೋಷಿಸುತ್ತದೆ. ಹೊರಬಂದ ಮೇಲೆ ಅದನ್ನು ಬಿಡಿಸಬೇಕಾಗುತ್ತದೆ. ಪೋಷಿಸುವುದು ಎಷ್ಟು ಮುಖ್ಯವೋ ತಕ್ಕ ಕಾಲದಲ್ಲಿ ಬಿಡುವುದೂ ಅಷ್ಟೇ ಮುಖ್ಯವೆಂಬ ಪಾಠವನ್ನು ಈ ಯುಗದ ಆದಿಯ ಅಜ್ಜನ ಕಥೆಯಿಂದಲೇ ಕಲಿಯಬಹುದು.

ಎರಡನೆಯದು ಮರೀಚಿಯ ಕಥೆ. ಮರೀಚಿ ಭರತಚಕ್ರವರ್ತಿಯ ಮಗ, ಆದಿನಾಥರ ಮೊಮ್ಮಗ. ಅಜ್ಜನು ರಾಜ್ಯವನ್ನು ತ್ಯಜಿಸಿ ದೀಕ್ಷೆ ಪಡೆದಾಗ, ಸ್ವಾಮಿಭಕ್ತಿಯಿಂದ ಜೊತೆಗೆ ಹೊರಟ ನಾಲ್ಕು ಸಾವಿರ ರಾಜರೊಂದಿಗೆ ಅವನೂ ಹೊರಟನು. ಆದಿನಾಥರು ಆರು ತಿಂಗಳು ಕಾಯೋತ್ಸರ್ಗದಲ್ಲಿ ಅಚಲವಾಗಿ ನಿಂತರು. ಜೊತೆಗೆ ಬಂದವರು ಹಸಿವು-ಬಾಯಾರಿಕೆಗಳನ್ನು ತಾಳಲಾರದೆ ವ್ರತದಿಂದ ಜಾರಿದರು. ಮರೀಚಿಯೂ ಜಾರಿದನು, ಬೇರೆಯ ವೇಷ ತೊಟ್ಟು ಮಿಥ್ಯಾಮಾರ್ಗವನ್ನು ಬೋಧಿಸಿದನು. ಭಗವಂತರು ಧ್ಯಾನವನ್ನು ಮುರಿದು ಮೊಮ್ಮಗನನ್ನು ಹಿಂದಕ್ಕೆ ಎಳೆದು ತರಲಿಲ್ಲ. ತೀರ್ಥಂಕರನ ಮೊಮ್ಮಗನಾದರೂ ತನ್ನ ಪರಿಣಾಮಗಳ ಫಲವನ್ನು ತಾನೇ ಅನುಭವಿಸಬೇಕಾಯಿತು. ಅಸಂಖ್ಯ ಭವಗಳಲ್ಲಿ ಅಲೆದ ಅದೇ ಜೀವ ಕೊನೆಗೆ ಇಪ್ಪತ್ತನಾಲ್ಕನೆಯ ತೀರ್ಥಂಕರ ವರ್ಧಮಾನ ಮಹಾವೀರನಾಗಿ ಸಿದ್ಧಪದವಿಯನ್ನು ಪಡೆಯಿತು.

ಇಂದಿನ ಹಿರಿಯರಿಗೆ ಈ ಕಥೆಯಲ್ಲಿ ಎಚ್ಚರಿಕೆಯೂ ಇದೆ, ಸಾಂತ್ವನವೂ ಇದೆ. ಸಂಸ್ಕಾರವನ್ನು ಕೊಡಬಹುದು, ಮೋಕ್ಷವನ್ನು ಕೊಡಲಾಗದು. ದೂರದ ಊರಿನಲ್ಲಿ ಓದುವ ಮೊಮ್ಮಗ ರಾತ್ರಿಭೋಜನ ಮಾಡುತ್ತಾನೆ, ಬಸದಿಗೆ ಹೋಗುವುದಿಲ್ಲ ಎಂದು ನೊಂದು ದಿನವಿಡೀ ಆರ್ತಧ್ಯಾನದಲ್ಲಿ ಬೇಯುವ ಅಜ್ಜ-ಅಜ್ಜಿಯರು ಅನೇಕರಿದ್ದಾರೆ. ಅವರು ಮರೀಚಿಯನ್ನು ನೆನೆಯಬೇಕು. ದಾರಿ ತಪ್ಪಿದ ಜೀವಕ್ಕೂ ದಾರಿ ಮುಚ್ಚಿಲ್ಲ. ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದ ಣಮೋಕಾರ ಮಂತ್ರ ಎಲ್ಲಿಯೋ ಒಳಗೆ ಉಳಿದಿರುತ್ತದೆ. ಯಾವ ಕಾಲಕ್ಕೆ ಚಿಗುರುವುದೆಂದು ಹೇಳುವುದು ಹಿರಿಯರ ಕೈಯಲ್ಲಿಲ್ಲ.

ಭಾಷೆಯ ವಿಷಯದಲ್ಲಿಯೂ ಇದೇ ಮಾತು. ಗಡಿಯ ಈಚೆಯ ಮನೆಗಳಲ್ಲಿ ಅಜ್ಜಿಯ ಮಾತು ಕನ್ನಡ, ಶಾಲೆಯ ಮಾತು ಮರಾಠಿ, ಪುಸ್ತಕದ ಮಾತು ಇಂಗ್ಲಿಷ್. ಮೊಮ್ಮಕ್ಕಳಿಗೆ ತಮ್ಮ ನುಡಿ ಬರುವುದಿಲ್ಲವೆಂಬ ಸಂಕಟದಿಂದ ಕೆಲವು ಹಿರಿಯರು ಮಾತನ್ನೇ ಕಡಿಮೆ ಮಾಡುತ್ತಾರೆ. ಹಾಗೆ ಮಾಡಬಾರದು. ಭಗವಂತರ ದಿವ್ಯಧ್ವನಿ ಹದಿನೆಂಟು ಮಹಾಭಾಷೆಗಳಲ್ಲಿಯೂ ಏಳುನೂರು ಕಿರುಭಾಷೆಗಳಲ್ಲಿಯೂ ಪರಿಣಮಿಸಿ ಎಲ್ಲ ಜೀವಿಗಳಿಗೂ ಅವರವರ ನುಡಿಯಲ್ಲಿಯೇ ತಿಳಿಯುತ್ತಿತ್ತೆಂದು ಪರಂಪರೆ ಹೇಳುತ್ತದೆ. ಅಜ್ಜಿ ಕನ್ನಡದಲ್ಲಿಯೇ ಕಥೆ ಹೇಳಲಿ. ಮಗು ಮರಾಠಿಯಲ್ಲಿಯೇ ಪ್ರಶ್ನೆ ಕೇಳಲಿ. ಇಬ್ಬರೂ ಸೇರಿ ಜಪಿಸುವ ಮಂತ್ರ ಪ್ರಾಕೃತದ್ದು. ಅಲ್ಲಿ ಇಬ್ಬರೂ ಸಮಾನರು. 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು ಕನ್ನಡ ನಾಡಿನ ಮಗನಾಗಿ ಹುಟ್ಟಿ, ಮರಾಠಿ ಮತ್ತು ಹಿಂದಿ ನಾಡುಗಳ ಶ್ರಾವಕರಿಗೂ ಗುರುಗಳಾದರು. ಧರ್ಮಕ್ಕೆ ಗಡಿ ಅಡ್ಡಬರಲಿಲ್ಲ.

ಹಾಗಾದರೆ ಮನೆಯಲ್ಲಿ ನಡೆಯಬೇಕಾದದ್ದೇನು? ಉತ್ಸವಕ್ಕೆ ಎಲ್ಲರೂ ಸೇರಿರುವ ಈ ದಿನಗಳಲ್ಲಿಯೇ ಮಗ, ಸೊಸೆ, ಮಗಳು, ಅಳಿಯ, ಅಜ್ಜ, ಅಜ್ಜಿ ಒಂದೆಡೆ ಕುಳಿತು ಮಾತನಾಡಬೇಕು. ಮಗುವನ್ನು ನೋಡಿಕೊಳ್ಳಲು ಬರುವಿರಾ ಎಂದು ಮೊದಲು ಕೇಳಬೇಕು. ಆಗುವುದಿಲ್ಲ ಎಂಬ ಉತ್ತರವನ್ನೂ ಗೌರವಿಸಬೇಕು. ವರ್ಷದಲ್ಲಿ ಎಷ್ಟು ತಿಂಗಳು, ದಿನದಲ್ಲಿ ಎಷ್ಟು ಹೊತ್ತು ಎಂಬುದು ನಿಶ್ಚಯವಾಗಬೇಕು. ಅಷ್ಟಮಿ, ಚತುರ್ದಶಿ ಮತ್ತು ದಶಲಕ್ಷಣ ಪರ್ವದ ದಿನಗಳು ಹಿರಿಯರಿಗೆ ಸೇರಿದ್ದೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು. ದಿನಕ್ಕೆ ಒಂದು ಮುಹೂರ್ತ, ಎಂದರೆ 48 ನಿಮಿಷ, ಸಾಮಾಯಿಕಕ್ಕೆ ಮೀಸಲಾಗಿರಬೇಕು. ಆಗ ಮಗುವನ್ನು ಬೇರೊಬ್ಬರು ಎತ್ತಿಕೊಳ್ಳಬೇಕು. ಸಾಧ್ಯವಿದ್ದಷ್ಟೂ ಅಜ್ಜ-ಅಜ್ಜಿಯರನ್ನು ಅಗಲಿಸಬಾರದು. ಔಷಧ, ಕಣ್ಣಿನ ತಪಾಸಣೆ, ಕೈಖರ್ಚಿನ ಹಣ ಇವುಗಳನ್ನು ಅವರು ಬಾಯಿಬಿಟ್ಟು ಕೇಳುವಂತಾಗಬಾರದು. ಮಗುವಿನ ಆಹಾರ, ಓದು, ಶಿಸ್ತುಗಳಲ್ಲಿ ಕೊನೆಯ ಮಾತು ತಂದೆತಾಯಿಗಳದೆಂದು ಹಿರಿಯರೂ ಒಪ್ಪಿಕೊಳ್ಳಬೇಕು.

ಕೆಲವು ಮನೆಗಳಲ್ಲಿ ಇಂತಹ ಆಯ್ಕೆಯೇ ಇರುವುದಿಲ್ಲ. ಮಗ ಅಥವಾ ಮಗಳು ಅಕಾಲದಲ್ಲಿ ತೀರಿಕೊಂಡು, ಮಗುವಿನ ಪೂರ್ಣ ಭಾರ ವೃದ್ಧರ ಮೇಲೆ ಬಿದ್ದಿರುತ್ತದೆ. ಬರ್ಲಿನ್ ನಗರದ ಅಧ್ಯಯನದಲ್ಲಿ ಇಂತಹವರು ಸೇರಿರಲಿಲ್ಲ. ಅಲ್ಲಿ ಕಂಡ ಒಳಿತನ್ನು ಇವರಿಗೆ ಅನ್ವಯಿಸುವಂತಿಲ್ಲ. ಇವರಿಗೆ ಉಪದೇಶಕ್ಕಿಂತ ಹೆಗಲು ಬೇಕು. ಶಾಲೆಯ ಶುಲ್ಕ, ಸಂಜೆಯ ಪಾಠ, ಆಸ್ಪತ್ರೆಗೆ ಹೋಗುವ ದಿನ ಮಗುವನ್ನು ನೋಡಿಕೊಳ್ಳುವ ನೆರೆಮನೆ, ಇಷ್ಟನ್ನು ಸಮಾಜ ಹೊತ್ತುಕೊಂಡರೆ ಅದು ನಿಜವಾದ ವಾತ್ಸಲ್ಯ ಅಂಗದ ಪಾಲನೆ. ಹಾಗೆಯೇ ಮೊಮ್ಮಕ್ಕಳಿಲ್ಲದ ಹಿರಿಯರು, ಮೊಮ್ಮಕ್ಕಳು ಪರದೇಶದಲ್ಲಿದ್ದು ಮೊಬೈಲಿನ ಪರದೆಯಲ್ಲಿ ಮಾತ್ರ ಕಾಣುವ ಹಿರಿಯರು ತಾವು ವಂಚಿತರೆಂದು ಭಾವಿಸಬೇಕಾಗಿಲ್ಲ. ಮಕ್ಕಳಿಲ್ಲದಿದ್ದರೂ ಇತರರಿಗೆ ನೆರವಾಗುತ್ತಿದ್ದ ಹಿರಿಯರು, ನೆರವಾಗದವರಿಗಿಂತ ಹೆಚ್ಚು ಕಾಲ ಬಾಳಿದ್ದು ಅದೇ ಅಧ್ಯಯನದಲ್ಲಿ ಕಂಡುಬಂದಿದೆ. ಬಸದಿಯ ಪಾಠಶಾಲೆಯಲ್ಲಿ ಕಥೆ ಹೇಳುವವರಿಗಾಗಿ ಸಾಧರ್ಮಿಗಳ ಮಕ್ಕಳು ಕಾದಿರುತ್ತಾರೆ.

ಕೊನೆಯದಾಗಿ ಒಂದು ಮಾತು. ಸಲ್ಲೇಖನದ ಅತಿಚಾರಗಳಲ್ಲಿ ಮಿತ್ರಾನುರಾಗವೂ ಒಂದು. ಅಂತ್ಯಕಾಲದಲ್ಲಿ ಪ್ರಿಯರ ಮೇಲಿನ ಅನುರಾಗದಲ್ಲಿ ಮನಸ್ಸು ಸಿಲುಕುವುದು. ಬದುಕಿರುವಾಗಲೇ ವಾತ್ಸಲ್ಯವನ್ನು ಮೋಹದಿಂದ ಬೇರ್ಪಡಿಸುವ ಅಭ್ಯಾಸ ಮಾಡಿಕೊಂಡ ಹಿರಿಯರಿಗೆ ಆ ಘಳಿಗೆ ಹಗುರವಾಗುತ್ತದೆ. ಏಕತ್ವ, ಅನ್ಯತ್ವ ಭಾವನೆಗಳನ್ನು ಚಿಂತಿಸುವುದೆಂದರೆ ಮೊಮ್ಮಗುವನ್ನು ದೂರ ತಳ್ಳುವುದಲ್ಲ. ಎತ್ತಿಕೊಂಡಿರುವಾಗಲೂ ಇದು ಸ್ವತಂತ್ರ ಜೀವ ಎಂಬ ಅರಿವನ್ನು ಉಳಿಸಿಕೊಳ್ಳುವುದು. ಅಂತಹ ಕೈಯಲ್ಲಿ ಬೆಳೆದ ಮಗು ಮುಂದೆ ಅಜ್ಜಿಯ ಹಾಸಿಗೆಯ ಪಕ್ಕದಲ್ಲಿ ಕುಳಿತು ನೀರು ಕೊಡುವಾಗ, ಅದೂ ಹೊರೆಯಾಗದೆ ವೈಯಾವೃತ್ಯವೆಂಬ ಅಂತರಂಗ ತಪಸ್ಸಾಗುತ್ತದೆ. ಉಪಕಾರ ಹೀಗೆ ಒಂದು ಸುತ್ತು ಬಂದು ಪೂರ್ಣವಾಗುತ್ತದೆ.

ಜನ್ಮಕಲ್ಯಾಣದ ತೊಟ್ಟಿಲ ಬಳಿ ನಿಂತ ತಾಯಿ ಹಗ್ಗವನ್ನು ಎಳೆಯುತ್ತಾಳೆ, ಮರುಕ್ಷಣವೇ ಸಡಿಲಿಸುತ್ತಾಳೆ. ಎಳೆದೇ ಹಿಡಿದರೆ ತೊಟ್ಟಿಲು ತೂಗದು. ಕೈಬಿಟ್ಟೇ ಬಿಟ್ಟರೂ ತೂಗದು. ಪ್ರತಿ ಮನೆಯ ಹಿರಿಯರಿಗೂ ಕಿರಿಯರಿಗೂ ಆ ಹದ ತಿಳಿಯಲಿ. ತೊಟ್ಟಿಲಲ್ಲಿರುವ ಜೀವಕ್ಕೂ ತೂಗುವ ಜೀವಕ್ಕೂ ಆತ್ಮಹಿತ ಲಭಿಸಲಿ. ಸರ್ವ ಜೀವಿಗಳಿಗೂ ಮಂಗಳವಾಗಲಿ.